ಮತವೆಂಬ ನ್ಯಾಸ

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ನಾಲ್ಕನೆಯದಾದ ನ್ಯಾಸಾಪಹಾರವು ಓದುವವರನ್ನು ಒಂದು ಕ್ಷಣ ತಡೆದು ನಿಲ್ಲಿಸುತ್ತದೆ. ನ್ಯಾಸವೆಂದರೆ ನಂಬಿ ಇಟ್ಟ ಒಡವೆ. ಅಪಹಾರವೆಂದರೆ ಅದನ್ನು ಕಬಳಿಸುವುದು. ಹಾಗಿದ್ದಮೇಲೆ ಇದು ಅಚೌರ್ಯವ್ರತಕ್ಕೆ ಸೇರಬೇಕಾದ ದೋಷವಲ್ಲವೇ? ಸತ್ಯವ್ರತದ ಸಾಲಿಗೆ ಏಕೆ ಬಂದಿತು? ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಸಮಾಧಾನ ದೊರೆಯುತ್ತದೆ. ಒಬ್ಬನು ತನ್ನ ಹೊನ್ನನ್ನು ಮತ್ತೊಬ್ಬನಲ್ಲಿ ಇಟ್ಟಿರುತ್ತಾನೆ. ಕಾಲ ಕಳೆದು, ಇಟ್ಟದ್ದು ಎಷ್ಟೆಂಬುದನ್ನು ಮರೆತು, ಕಡಿಮೆ ಲೆಕ್ಕ ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿ, ಕೇಳಿದಷ್ಟನ್ನು ಎಣಿಸಿ ಕೊಡುತ್ತಾನೆ. ಅವನ ಕೈ ಯಾವ ಪೆಟ್ಟಿಗೆಯನ್ನೂ ಮುರಿಯಲಿಲ್ಲ. ಆದರೂ ‘ಹೌದು’ ಎಂಬ ಆ ಒಂದು ಮಾತಿನಿಂದ ವ್ರತಕ್ಕೆ ಕಲೆ ಹತ್ತಿತು.

ಚಿಂತಾಮಣಿಯ ಪೇಟೆಯಲ್ಲಿ ಚಿನ್ನಬೆಳ್ಳಿಯ ವ್ಯಾಪಾರವನ್ನು ನಡೆಸಿಕೊಂಡು ಬಂದ ಮನೆತನಗಳಿಗೆ ಈ ಸೂಕ್ಷ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿರವಿಯ ಒಡವೆಗೆ ಚೀಟಿ ಬರೆದುಕೊಡುವುದೂ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೈತನ ಗೂಡನ್ನು ಎಲ್ಲರ ಕಣ್ಣೆದುರಿಗೆ ತೂಗಿ ಬರೆದುಕೊಳ್ಳುವುದೂ ಒಂದೇ ಕಾರಣಕ್ಕಾಗಿ: ಒಬ್ಬನ ಮರೆವು ಮತ್ತೊಬ್ಬನ ಲಾಭವಾಗಬಾರದು. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಇದೇ ಜನರು ಐದು ವರ್ಷಕ್ಕೊಮ್ಮೆ ಚೀಟಿಯಿಲ್ಲದೆ, ಸಾಕ್ಷಿಯಿಲ್ಲದೆ, ಗುಟ್ಟಾಗಿ ಮತ್ತೊಬ್ಬರ ಕೈಯಲ್ಲಿ ಇಡುವ ವಸ್ತು ಒಂದುಂಟು. ಅದು ಮತ. ಅದನ್ನು ನ್ಯಾಸವೆಂದು ಕರೆಯಬಹುದೇ ಎಂಬುದು ಮೊದಲ ಪ್ರಶ್ನೆ.

ಅದು ದಾನವಲ್ಲವೇ ಎಂದು ಕೆಲವರು ಕೇಳಬಹುದು. ಮತದಾನವೆಂಬ ಶಬ್ದವೇ ಹಾಗೆ ಹೇಳುತ್ತದೆ. ಆದರೆ ದಾನದ ಲಕ್ಷಣವೆಂದರೆ ತನ್ನದೆಂಬ ಸ್ವತ್ವವನ್ನು ಬಿಡುವುದು. ಪಾತ್ರನಿಗೆ ಆಹಾರವನ್ನಿತ್ತ ಶ್ರಾವಕನು ನಾಳೆ ಅದರ ಲೆಕ್ಕವನ್ನು ಕೇಳುವುದಿಲ್ಲ. ಮತವಾದರೋ ಒಂದು ಅವಧಿಗೆ, ಒಂದು ಉದ್ದೇಶಕ್ಕೆ ಕೊಟ್ಟದ್ದು. ಅವಧಿ ಮುಗಿದೊಡನೆ ಅದು ತಾನಾಗಿ ಕೊಟ್ಟವನ ಕೈಗೆ ಮರಳುತ್ತದೆ. ನಡುವೆ ಶಾಸಕರನ್ನು ಹಿಂದಕ್ಕೆ ಕರೆಸುವ ಅಧಿಕಾರವನ್ನು ನಮ್ಮ ಸಂವಿಧಾನವು ಮತದಾರರಿಗೆ ಕೊಟ್ಟಿಲ್ಲವೆಂಬುದು ನಿಜ. ಅಷ್ಟರಿಂದ ಸ್ವತ್ವ ಹೋಯಿತೆಂದು ಹೇಳಲಾಗದು. ಅವಧಿಗೆಂದು ಇಟ್ಟ ಒಡವೆಯನ್ನು ಅವಧಿಗೆ ಮೊದಲು ಕೇಳಲಾಗದಿದ್ದರೂ ಒಡವೆಯ ಒಡೆಯನು ಬೇರೊಬ್ಬನಾಗುವುದಿಲ್ಲ. ಮತದಾನವೆಂಬ ಹೆಸರು ಬಳಕೆಯಲ್ಲಿ ನಿಂತುಹೋಗಿರುವುದರಿಂದ ಅದನ್ನು ಬದಲಿಸಬೇಕಾಗಿಲ್ಲ; ಅರ್ಥದಲ್ಲಿ ಎಡವದಿದ್ದರೆ ಸಾಕು.

ಈ ಒಡವೆಯ ಬೆಲೆ ಏನೆಂಬುದನ್ನು ಗೌರಿಬಿದನೂರು ತಾಲ್ಲೂಕು ಮರೆಯುವಂತಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆಂದು ನೆರೆದಿದ್ದ ನಿರಾಯುಧ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು. ಅಂದಿನ ಮೈಸೂರು ಕಾಂಗ್ರೆಸ್ಸಿನ ಬೇಡಿಕೆ ಜವಾಬ್ದಾರಿ ಸರ್ಕಾರ. ಎಂದರೆ, ಆಳುವವರು ಜನರು ಇಟ್ಟ ನಂಬಿಕೆಗೆ ಜನರಿಗೇ ಉತ್ತರ ಕೊಡಬೇಕೆಂಬುದು. ಆಸ್ತಿ, ವಿದ್ಯೆ, ಕುಲಗಳ ಭೇದವಿಲ್ಲದೆ ಪ್ರತಿಯೊಬ್ಬ ವಯಸ್ಕರಿಗೂ ಮತಾಧಿಕಾರವು ಕೈಗೆ ಬಂದುದು ಅದಾದ ಹದಿನಾಲ್ಕು ವರ್ಷಗಳ ಮೇಲೆ, 1952ರ ವೇಳೆಗೆ ಮುಗಿದ ಮೊದಲ ಮಹಾಚುನಾವಣೆಯಲ್ಲಿ.

ಇನ್ನು ಎರಡನೆಯ ಪ್ರಶ್ನೆ. ಇಟ್ಟ ನ್ಯಾಸಕ್ಕೆ ಭಂಗ ಬಂದಿತೆಂದು ತೋರಿದಾಗ, ಇಟ್ಟುಕೊಂಡವನಿಗೆ ಪ್ರಾಯಶ್ಚಿತ್ತವನ್ನು ವಿಧಿಸಬೇಕಾದವರು ಯಾರು? ಎಷ್ಟು ಕಾಲ? ಇದು ಬರಿಯ ಶಾಸ್ತ್ರಚರ್ಚೆಯಾಗಿ ಉಳಿಯದೆ ಚಿಕ್ಕಬಳ್ಳಾಪುರ ಕ್ಷೇತ್ರದ ಮತದಾರರ ಮನೆಬಾಗಿಲಿಗೆ ಬಂದುದು 2019ರಲ್ಲಿ.

ನಡೆದ ಸಂಗತಿ ಎಲ್ಲರಿಗೂ ತಿಳಿದದ್ದೇ. 2018ರ ಮೇ ತಿಂಗಳ ಚುನಾವಣೆಯಲ್ಲಿ ಡಾ. ಕೆ. ಸುಧಾಕರ್ ಅವರು ಕಾಂಗ್ರೆಸ್ ಅಭ್ಯರ್ಥಿಯಾಗಿ ಚಿಕ್ಕಬಳ್ಳಾಪುರದಿಂದ ಆರಿಸಿ ಬಂದರು. ಅವರ ಎದುರು ಎರಡನೆಯ ಸ್ಥಾನದಲ್ಲಿದ್ದವರು ಜನತಾದಳದ ಅಭ್ಯರ್ಥಿ. ಯಾವ ಪಕ್ಷಕ್ಕೂ ಬಹುಮತ ಬಾರದಿದ್ದುದರಿಂದ ಕ್ಷೇತ್ರದಲ್ಲಿ ಎದುರಾಳಿಗಳಾಗಿದ್ದ ಆ ಎರಡು ಪಕ್ಷಗಳೇ ಸೇರಿ, ಶ್ರೀ ಎಚ್. ಡಿ. ಕುಮಾರಸ್ವಾಮಿಯವರ ನಾಯಕತ್ವದಲ್ಲಿ ಸರ್ಕಾರ ರಚಿಸಿದವು. 2019ರ ಜುಲೈ ತಿಂಗಳಲ್ಲಿ ಆ ಸರ್ಕಾರವನ್ನು ಬೆಂಬಲಿಸಬೇಕಾಗಿದ್ದ ಶಾಸಕರು ಒಬ್ಬೊಬ್ಬರಾಗಿ ರಾಜೀನಾಮೆಯಿತ್ತರು. ಡಾ. ಸುಧಾಕರ್ ಅವರು ಜುಲೈ 10ರಂದು ರಾಜೀನಾಮೆ ಸಲ್ಲಿಸಿದರು. ಜುಲೈ 23ರಂದು 99 ಮತಗಳಿಗೆ ಎದುರಾಗಿ 105 ಮತಗಳು ಬಿದ್ದು ಸರ್ಕಾರ ಉರುಳಿತು. ಚಿಂತಾಮಣಿಗೆ ನೆರೆಯ ಶ್ರೀನಿವಾಸಪುರದ ಪ್ರತಿನಿಧಿಯೂ ಅಂದಿನ ವಿಧಾನಸಭಾಧ್ಯಕ್ಷರೂ ಆಗಿದ್ದ ಶ್ರೀ ಕೆ. ಆರ್. ರಮೇಶ್ ಕುಮಾರ್ ಅವರು ಜುಲೈ 25ರಂದು ಮೂವರನ್ನೂ, 28ರಂದು ಹದಿನಾಲ್ವರನ್ನೂ ಸಂವಿಧಾನದ ಹತ್ತನೆಯ ಅನುಸೂಚಿಯಂತೆ ಅನರ್ಹರೆಂದು ಘೋಷಿಸಿದರು. ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ, ಅಂದರೆ 2023ರವರೆಗೆ, ಅವರು ಮತ್ತೆ ಚುನಾವಣೆಗೆ ನಿಲ್ಲಬಾರದೆಂಬುದೂ ಆ ಆಜ್ಞೆಯ ಭಾಗವಾಗಿತ್ತು.

ಹದಿನೇಳು ಮಂದಿಯೂ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ನ್ಯಾಯಮೂರ್ತಿಗಳಾದ ಎನ್. ವಿ. ರಮಣ, ಸಂಜೀವ್ ಖನ್ನಾ ಮತ್ತು ಕೃಷ್ಣ ಮುರಾರಿ ಅವರ ಪೀಠವು 2019ರ ನವೆಂಬರ್ 13ರಂದು ಕೊಟ್ಟ ತೀರ್ಪಿನಲ್ಲಿ ಎರಡು ಭಾಗಗಳಿವೆ. ಅನರ್ಹತೆಯನ್ನು ನ್ಯಾಯಾಲಯವು ಎತ್ತಿಹಿಡಿಯಿತು. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅದಕ್ಕೆ ಮೊದಲು ನಡೆದ ಪಕ್ಷತ್ಯಾಗದ ಫಲವು ಅಳಿಯುವುದಿಲ್ಲವೆಂದಿತು. ಆದರೆ ಇಂತಿಷ್ಟು ಕಾಲ ಚುನಾವಣೆಗೆ ನಿಲ್ಲಬಾರದೆಂದು ಅವಧಿಯನ್ನು ಕಟ್ಟುವ ಅಧಿಕಾರ ಸಭಾಧ್ಯಕ್ಷರಿಗೆ ಇಲ್ಲವೆಂದು ಆ ಭಾಗವನ್ನು ರದ್ದುಪಡಿಸಿತು. ಡಿಸೆಂಬರ್ 5ರಂದು ಹದಿನೈದು ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಚಿಕ್ಕಬಳ್ಳಾಪುರದ ಮತದಾರರು ಡಾ. ಸುಧಾಕರ್ ಅವರನ್ನು ಈ ಬಾರಿ ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿ ದೊಡ್ಡ ಅಂತರದಿಂದ ಆರಿಸಿದರು. ಮುಂದಿನ ಫೆಬ್ರವರಿಯಲ್ಲಿ ಅವರು ಮಂತ್ರಿಗಳಾದರು.

ಜೈನಶಾಸ್ತ್ರವನ್ನು ಓದಿದವರಿಗೆ ಈ ವ್ಯಾಜ್ಯವು ಹೊಸ ಬಟ್ಟೆ ತೊಟ್ಟ ಹಳೆಯ ಪ್ರಶ್ನೆಯಂತೆ ಕಾಣುತ್ತದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಪ್ರಾಯಶ್ಚಿತ್ತವನ್ನು ಆಲೋಚನೆಯಿಂದ ಉಪಸ್ಥಾಪನೆಯವರೆಗೆ ಒಂಬತ್ತು ಬಗೆಯಾಗಿ ವಿಂಗಡಿಸುತ್ತದೆ. ಕೊನೆಯ ಮೂರನ್ನು ಗಮನಿಸಬೇಕು. ದೀಕ್ಷೆಯ ಕಾಲಾವಧಿಯನ್ನು ಕಡಿತಗೊಳಿಸುವುದು ಛೇದ. ಪಕ್ಷ, ಮಾಸ ಎಂದು ಕಾಲವನ್ನು ಗೊತ್ತುಮಾಡಿ ಸಂಘದಿಂದ ದೂರವಿಡುವುದು ಪರಿಹಾರ. ಇದು ಇಂದಿನ ಆಡುಮಾತಿನ ಪರಿಹಾರವಲ್ಲ. ಮೊದಲಿನಿಂದ ಮತ್ತೆ ದೀಕ್ಷೆ ಕೊಡುವುದು ಉಪಸ್ಥಾಪನೆ. ಸಭಾಧ್ಯಕ್ಷರು ವಿಧಿಸಿದ್ದು ಪರಿಹಾರವನ್ನು ಹೋಲುತ್ತದೆ. ನ್ಯಾಯಾಲಯವು ಪದವಿಯನ್ನು ಕಳೆದ ಭಾಗವನ್ನು ಉಳಿಸಿ, ಪರಿಹಾರವನ್ನು ತೆಗೆದು, ಉಪಸ್ಥಾಪನೆಯ ಬಾಗಿಲನ್ನು ತೆರೆದಿಟ್ಟಿತು. ಸಂವಿಧಾನವೂ ಅದೇ ದಾರಿಯಲ್ಲಿದೆ. 2003ರ ತೊಂಬತ್ತೊಂದನೆಯ ತಿದ್ದುಪಡಿಯಿಂದ ಬಂದ 164ನೆಯ ಅನುಚ್ಛೇದದ (1ಬಿ) ಖಂಡದಂತೆ, ಪಕ್ಷಾಂತರಕ್ಕಾಗಿ ಅನರ್ಹರಾದವರು ಮಂತ್ರಿಗಳಾಗಲು ಒಂದೋ ಅವಧಿ ಮುಗಿಯಬೇಕು, ಇಲ್ಲವೇ ಮತ್ತೆ ಚುನಾಯಿತರಾಗಬೇಕು. ಮರುಚುನಾವಣೆಗೆ ಶುದ್ಧಿಯ ಶಕ್ತಿಯುಂಟೆಂದು ಸಂವಿಧಾನವೇ ಒಪ್ಪಿದಂತಾಯಿತು.

ಆ ಶುದ್ಧಿಯನ್ನು ಕೊಡಬಲ್ಲವರು ಯಾರೆಂಬುದು ಮರುವರ್ಷವೇ ಮತ್ತೊಂದು ವ್ಯಾಜ್ಯದಲ್ಲಿ ಸ್ಪಷ್ಟವಾಯಿತು. ಅದೇ ಉಪಚುನಾವಣೆಯಲ್ಲಿ ಹೊಸಕೋಟೆಯಲ್ಲಿ ಶ್ರೀ ಎಂ. ಟಿ. ಬಿ. ನಾಗರಾಜ್ ಅವರೂ ಹುಣಸೂರಿನಲ್ಲಿ ಶ್ರೀ ಎಚ್. ವಿಶ್ವನಾಥ್ ಅವರೂ ಸೋತಿದ್ದರು. ಮುಂದೆ ಇಬ್ಬರೂ ವಿಧಾನಪರಿಷತ್ತನ್ನು ಸೇರಿದರು. ಮೊದಲನೆಯವರು ಚುನಾಯಿತರಾಗಿ, ಎರಡನೆಯವರು ನಾಮಕರಣಗೊಂಡು. 2020ರ ನವೆಂಬರ್ 30ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ನಾಮಕರಣವು ಚುನಾವಣೆಯಲ್ಲವೆಂದೂ, ಆದಕಾರಣ ಶ್ರೀ ವಿಶ್ವನಾಥ್ ಅವರ ಮಂತ್ರಿಪದವಿಗೆ ಇರುವ ತಡೆ ಕಳೆಯಲಿಲ್ಲವೆಂದೂ ಹೇಳಿತು. ಸರ್ವೋಚ್ಚ ನ್ಯಾಯಾಲಯವು 2021ರ ಜನವರಿಯಲ್ಲಿ ಇದರಲ್ಲಿ ಕೈಹಾಕಲು ಒಪ್ಪಲಿಲ್ಲ. ಶ್ರೀ ನಾಗರಾಜ್ ಅವರು ಮಂತ್ರಿಗಳಾದರು. ಆದರೆ ಅವರನ್ನು ಪರಿಷತ್ತಿಗೆ ಆರಿಸಿದವರು ಹೊಸಕೋಟೆಯ ಜನರಲ್ಲ, ಶಾಸಕರು. ನ್ಯಾಸವನ್ನು ಇಟ್ಟವರು ಕ್ಷಮಿಸಲಿಲ್ಲ, ಬೇರೆಯವರು ಕ್ಷಮಿಸಿದರು. ಕಾಯಿದೆಗೆ ಅಷ್ಟು ಸಾಕಾಯಿತು. ಧರ್ಮಕ್ಕೆ ಸಾಲದು.

ಇಷ್ಟಾದರೂ ರಾಜೀನಾಮೆಯಿತ್ತವರ ಪರವಾದ ವಾದವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಇಟ್ಟುಕೊಂಡ ಒಡವೆಯನ್ನು ಕಾಪಾಡಲಾಗದೆಂದು ಕಂಡಾಗ ಒಡೆಯನಿಗೆ ಹಿಂದಿರುಗಿಸುವುದು ಅಪಹಾರವಲ್ಲ. ರಾಜೀನಾಮೆಯಿತ್ತು ಮತ್ತೆ ಮತದಾರನ ಮುಂದೆ ನಿಲ್ಲುವುದೆಂದರೆ ಹಾಗೆ ಹಿಂದಿರುಗಿಸಿದಂತೆಯೇ ಅಲ್ಲವೇ? ಜುಲೈ 10ರ ಅದೇ ದಿನ ಗೋವೆಯಲ್ಲಿ ಕಾಂಗ್ರೆಸ್ಸಿನ ಹದಿನೈದು ಶಾಸಕರಲ್ಲಿ ಹತ್ತು ಮಂದಿ ಒಟ್ಟಾಗಿ ಭಾರತೀಯ ಜನತಾ ಪಕ್ಷಕ್ಕೆ ಸೇರಿದರು. ಮೂರರಲ್ಲಿ ಎರಡು ಪಾಲು ಜನ ಸೇರಿದರೆ ಅದು ವಿಲೀನ, ಪಕ್ಷಾಂತರವಲ್ಲ ಎಂಬುದು ಹತ್ತನೆಯ ಅನುಸೂಚಿಯ ನಾಲ್ಕನೆಯ ಕಂಡಿಕೆಯ ಆಧಾರ. ಅಲ್ಲಿ ಯಾರ ಸ್ಥಾನವೂ ತೆರವಾಗಲಿಲ್ಲ; ಯಾವ ಮತದಾರನನ್ನೂ ಮತ್ತೆ ಕೇಳಲಿಲ್ಲ. ಒಬ್ಬನು ಮಾಡಿದರೆ ದೋಷ, ಹತ್ತು ಜನ ಸೇರಿ ಮಾಡಿದರೆ ನಿರ್ದೋಷ ಎಂಬ ಲೆಕ್ಕವನ್ನು ಯಾವ ಆಚಾರ್ಯರೂ ಒಪ್ಪಲಾರರು. ಗೋವೆಯ ದಾರಿಗೆ ಹೋಲಿಸಿದರೆ ಚಿಕ್ಕಬಳ್ಳಾಪುರದ ದಾರಿಯಲ್ಲಿ ಒಡೆಯನ ಬಾಗಿಲನ್ನು ತಟ್ಟಿದ ಗೌರವವಾದರೂ ಇತ್ತು. ಅಲ್ಲದೆ, ಜನತಾದಳದ ವಿರುದ್ಧವಾಗಿ ಬಿದ್ದ ಮತಗಳಿಂದ ಗೆದ್ದವರು ಜನತಾದಳದ ಮುಖ್ಯಮಂತ್ರಿಯನ್ನು ಬೆಂಬಲಿಸಬೇಕಾಗಿ ಬಂದಾಗಲೇ ನ್ಯಾಸದ ಲೆಕ್ಕವು ಒಮ್ಮೆ ತಪ್ಪಿತ್ತು. ಆಗ ಮತದಾರನನ್ನು ಯಾರೂ ಕೇಳಿರಲಿಲ್ಲ. ಪಕ್ಷಗಳು ಪಕ್ಷಗಳೊಡನೆ ಸೇರಿದರೆ ಕಾಯಿದೆ ಸುಮ್ಮನಿರುತ್ತದೆ.

ಆದರೆ ಹಿಂದಿರುಗಿಸುವುದಕ್ಕೂ ಒಂದು ಕ್ರಮವುಂಟು. ‘ಇದನ್ನು ಕಾಯಲಾರೆ, ತೆಗೆದುಕೊಳ್ಳಿ’ ಎಂದು ಮೊದಲು ಒಡೆಯನ ಬಳಿಗೆ ಬರುವುದು ಒಂದು ಬಗೆ. ಒಡವೆಯನ್ನು ಮತ್ತೊಂದು ಕಾರ್ಯಕ್ಕೆ ಬಳಸಿ, ಆ ಕಾರ್ಯವು ಮುಗಿದಮೇಲೆ ಬಂದು ಕೇಳುವುದು ಮತ್ತೊಂದು ಬಗೆ. 2019ರಲ್ಲಿ ರಾಜೀನಾಮೆಗಳ ಫಲವಾಗಿ ಸರ್ಕಾರವು ಜುಲೈಯಲ್ಲಿ ಬದಲಾಯಿತು. ಮತದಾರನ ಒಪ್ಪಿಗೆಯನ್ನು ಡಿಸೆಂಬರಿನಲ್ಲಿ ಕೇಳಲಾಯಿತು. ಆ ನಾಲ್ಕು ತಿಂಗಳುಗಳೇ ಈ ಪ್ರಕರಣದ ಗಂಟು.

ಪ್ರಾಯಶ್ಚಿತ್ತದಲ್ಲಿ ಮೊದಲನೆಯದು ಆಲೋಚನೆ, ಗುರುವಿನ ಮುಂದೆ ದೋಷವನ್ನು ಮುಚ್ಚದೆ ನಿವೇದಿಸುವುದು. ಅದಿಲ್ಲದೆ ಉಪಸ್ಥಾಪನೆಯ ಮಾತಿಲ್ಲ. ಈ ಆಲೋಚನೆಗೂ ಶಾಸ್ತ್ರಕಾರರು ಹತ್ತು ದೋಷಗಳನ್ನು ಎಣಿಸಿರುವುದು ಅವರು ಮನುಷ್ಯಸ್ವಭಾವವನ್ನು ಎಷ್ಟು ಬಲ್ಲವರಾಗಿದ್ದರೆಂಬುದಕ್ಕೆ ಸಾಕ್ಷಿ. ಪ್ರಾಯಶ್ಚಿತ್ತವು ಹಗುರವಾಗಲೆಂದು ಮೊದಲು ಗುರುಗಳಿಗೆ ಉಪಕರಣಗಳನ್ನಿತ್ತು ಮನವನ್ನು ಮೆತ್ತಗೆ ಮಾಡುವುದು ಆಕಂಪಿತ. ಗದ್ದಲದ ನಡುವೆ, ಕೇಳಿಸಿಯೂ ಕೇಳಿಸದಂತೆ ಹೇಳಿಬಿಡುವುದು ಶಬ್ದಾಕುಲಿತ. ಅದೇ ದೋಷವನ್ನು ಮಾಡಿದ ಮತ್ತೊಬ್ಬನ ಬಳಿ ಹೋಗಿ ಹೇಳಿಕೊಳ್ಳುವುದು ತತ್ಸೇವಿ. ಧ್ವನಿವರ್ಧಕಗಳ ಅಬ್ಬರದ ಪ್ರಚಾರವನ್ನು ಕಂಡವರಿಗೆ ಶಬ್ದಾಕುಲಿತಕ್ಕೆ ವ್ಯಾಖ್ಯಾನ ಬೇಡ. ಎಲ್ಲ ಪಕ್ಷಗಳಲ್ಲಿಯೂ ಪಕ್ಷಾಂತರಿಗಳಿಗೆ ಜಾಗವಿರುವಾಗ ತತ್ಸೇವಿಗೂ ಬೇಡ.

ಆಕಂಪಿತದ ವಿಷಯವು ಅಷ್ಟು ಸುಲಭವಲ್ಲ. ಚಿಕ್ಕಬಳ್ಳಾಪುರಕ್ಕೆ ವೈದ್ಯಕೀಯ ಕಾಲೇಜು ಬೇಕೆಂಬುದು ಡಾ. ಸುಧಾಕರ್ ಅವರ ಬಹಿರಂಗ ಬೇಡಿಕೆಯಾಗಿತ್ತು. ಹಿಂದಿನ ಸರ್ಕಾರದ ಕಾಲದಲ್ಲಿ ಕಾಲೇಜು ಕನಕಪುರಕ್ಕೆ ಮಂಜೂರಾಯಿತು. 2019ರಲ್ಲಿ ಬಂದ ಹೊಸ ಸರ್ಕಾರವು ಅದನ್ನು ಚಿಕ್ಕಬಳ್ಳಾಪುರಕ್ಕೆ ಕೊಟ್ಟಿತು. ಕನಕಪುರದವರು ಪ್ರತಿಭಟಿಸಿದರು. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವ, ಬೆಂಗಳೂರಿನ ಬಳಸಿದ ನೀರನ್ನು ಸಂಸ್ಕರಿಸಿ ಕೆರೆಗಳನ್ನು ತುಂಬಿಸಿಕೊಳ್ಳುತ್ತಿರುವ ಒಂದು ಜಿಲ್ಲೆಯ ಜನರು ಆಸ್ಪತ್ರೆಯೊಂದು ಬಂದಾಗ ಸಂತೋಷಪಟ್ಟರೆ ಅದನ್ನು ಲೋಭವೆಂದು ಕರೆಯುವವರ ನಾಲಗೆ ಬಹಳ ಸಡಿಲವಾದುದು. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ಮಗುವನ್ನು ಎತ್ತಿಕೊಂಡು ರಾತ್ರಿ ಬೆಂಗಳೂರಿಗೆ ಓಡಬೇಕಾಗಿದ್ದ ತಾಯಿಗೆ ಹತ್ತನೆಯ ಅನುಸೂಚಿಗಿಂತ ಆಸ್ಪತ್ರೆಯು ಹತ್ತಿರ. ಆದರೂ ಗುರುವಿನ ಸ್ಥಾನದಲ್ಲಿ ಕುಳಿತವನಿಗೆ ಒಂದು ಕಷ್ಟವುಂಟು: ಕೊಟ್ಟ ಉಪಕರಣವು ಉತ್ತಮವಾದುದು, ಬೇಕಾದುದು ಎಂಬ ಕಾರಣಕ್ಕೆ ದೋಷದ ಅಳತೆಯು ಚಿಕ್ಕದಾಗಬಾರದು. ಸಾರ್ವಜನಿಕ ಧನದಿಂದ ಬಂದ ಆಸ್ಪತ್ರೆಯು ಮತದಾರನ ಹಕ್ಕು. ಅದು ಯಾರಿಗೂ ಕ್ಷಮೆಯ ಬೆಲೆಯಾಗಲಾರದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದವನು, ತಾನಿಟ್ಟ ಹೊನ್ನಿನ ಲೆಕ್ಕವನ್ನು ಮರೆತು ಕಡಿಮೆ ಕೇಳಿದವನಂತಾಗುತ್ತಾನೆ. ಅವನು ಮರೆತನೆಂದು ‘ಹೌದು, ಅಷ್ಟೇ’ ಎಂದವನ ಅತಿಚಾರವೂ ಇಲ್ಲವಾಗುವುದಿಲ್ಲ.

ಕ್ಷಮೆಗೂ ಅನುಮೋದನೆಗೂ ಇರುವ ವ್ಯತ್ಯಾಸವು ಇಲ್ಲಿಯೇ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಿಂದಲೂ ಕರ್ಮಾಸ್ರವವಾಗುತ್ತದೆಂಬುದು ಪ್ರತಿಯೊಬ್ಬ ಶ್ರಾವಕನೂ ಪ್ರತಿಕ್ರಮಣದಲ್ಲಿ ನೆನೆಯುವ ಮಾತು. ನಡೆದದ್ದನ್ನು ತಪ್ಪೆಂದು ಅರಿತು, ಆ ವ್ಯಕ್ತಿಯ ಉಳಿದ ಯೋಗ್ಯತೆಯನ್ನು ನೋಡಿ ಮತ್ತೆ ನ್ಯಾಸವಿಟ್ಟವನು ಕ್ಷಮಿಸಿದವನು. ನಡೆದದ್ದನ್ನು ತಪ್ಪಲ್ಲವೆಂದು ಮನದಲ್ಲಿ ವಿಚಾರಿಸಿ ನಿಶ್ಚಯಿಸಿ ಮತವಿತ್ತವನನ್ನೂ ದೂರುವಂತಿಲ್ಲ. ಅವನ ವಿವೇಕವು ಅವನದು. ಕೇಳುವ ಗೊಡವೆಗೇ ಹೋಗದೆ, ‘ಎಲ್ಲರೂ ಮಾಡುವುದೇ’ ಎಂದು ಗುಂಡಿಯನ್ನು ಒತ್ತಿ ಬಂದವನು ಅನುಮೋದಕನು. ಮತಯಂತ್ರದಲ್ಲಿ ಮೂವರ ಮತವೂ ಒಂದೇ ಬಗೆಯಾಗಿ ಬೀಳುತ್ತದೆ. ಯಾವುದು ಯಾವುದೆಂದು ಯಾವ ನ್ಯಾಯಾಲಯವೂ ಎಣಿಸಲಾರದು, ಎಣಿಸಲೂಬಾರದು. ಮತದ ಗೋಪ್ಯತೆಯು ದುರ್ಬಲನಿಗೆ ರಕ್ಷೆ. ಸೋತ ಅಭ್ಯರ್ಥಿಗೆ ಮತವಿತ್ತವರ ಕ್ಷಮೆಯನ್ನು ಬಹುಮತವು ಅವರ ಪರವಾಗಿ ಕೊಡಬಲ್ಲದೇ ಎಂಬ ಸಂದೇಹವೂ ಉಳಿಯುತ್ತದೆ. ಕಾಯಿದೆಯಲ್ಲಿ ಕೊಡಬಲ್ಲದು. ಪ್ರತಿಯೊಬ್ಬ ಜೀವನೂ ಬೇರೆ ಬೇರೆ ಎಂದು ನಂಬಿದವರಿಗೆ ಆ ಉತ್ತರವು ಪೂರ್ತಿಯಾಗಿ ಒಗ್ಗದು.

ಒಮ್ಮೆ ಕೊಟ್ಟ ಉತ್ತರವು ಕೊನೆಯದೂ ಅಲ್ಲ. ಪ್ರತಿಕ್ರಮಣವು ದಿನಕ್ಕೆ, ಪಕ್ಷಕ್ಕೆ, ಚಾತುರ್ಮಾಸಕ್ಕೆ, ಸಂವತ್ಸರಕ್ಕೆ ಮರಳಿ ಬರುವಂತೆ ಮತದಾರನ ಸರದಿಯೂ ಮರಳಿತು. 2023ರ ಮೇ ತಿಂಗಳಲ್ಲಿ ಚಿಕ್ಕಬಳ್ಳಾಪುರ ಕ್ಷೇತ್ರವು ಡಾ. ಸುಧಾಕರ್ ಅವರನ್ನು ಸೋಲಿಸಿ ಶ್ರೀ ಪ್ರದೀಪ್ ಈಶ್ವರ್ ಅವರನ್ನು ಆರಿಸಿತು. 2024ರಲ್ಲಿ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರವು ಅದೇ ಡಾ. ಸುಧಾಕರ್ ಅವರನ್ನು ಒಂದೂವರೆ ಲಕ್ಷಕ್ಕೂ ಮಿಕ್ಕ ಅಂತರದಿಂದ ಗೆಲ್ಲಿಸಿತು. (ಶಿಡ್ಲಘಟ್ಟ, ಚಿಂತಾಮಣಿಗಳ ಮತದಾರರು ಇದೇ ಜಿಲ್ಲೆಯವರಾದರೂ ಲೋಕಸಭೆಗೆ ಕೋಲಾರ ಕ್ಷೇತ್ರಕ್ಕೆ ಸೇರಿದವರು, ಈ ಎಣಿಕೆಯಲ್ಲಿ ಅವರಿಲ್ಲ.) ಈ ಮೂರು ಉತ್ತರಗಳಲ್ಲಿ 2019ರ ಜುಲೈ ತಿಂಗಳ ಪಾಲು ಎಷ್ಟು, ಬೇರೆ ಕಾರಣಗಳ ಪಾಲು ಎಷ್ಟು ಎಂಬುದನ್ನು ಬಲ್ಲವರು ಮತವಿತ್ತವರು ಮಾತ್ರ.

ಈ ಚರ್ಚೆಯು ಜಿನಮಂದಿರಗಳ ಟ್ರಸ್ಟುಗಳನ್ನೂ ಮುಟ್ಟದೆ ಬಿಡುವುದಿಲ್ಲ. 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಅಧಿನಿಯಮದಂತೆ ಮಂದಿರದ ಆವರಣವನ್ನು ರಾಜಕೀಯ ಚಟುವಟಿಕೆಯ ಪ್ರಚಾರಕ್ಕೆ ಬಳಸುವುದೂ ಬಳಸಗೊಡುವುದೂ ಅಪರಾಧ. ಐದು ವರ್ಷಗಳವರೆಗೆ ಸೆರೆ, ಹತ್ತು ಸಾವಿರ ರೂಪಾಯಿಯವರೆಗೆ ದಂಡ. 2017ರ ಜನವರಿ 2ರಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠವು, ನಾಲ್ವರ ಬಹುಮತದಿಂದ, ಅಭ್ಯರ್ಥಿಯ ಧರ್ಮದ ಹೆಸರಿನಲ್ಲಷ್ಟೇ ಅಲ್ಲ, ಮತದಾರನ ಧರ್ಮದ ಹೆಸರಿನಲ್ಲಿ ಮತ ಕೇಳುವುದೂ ಭ್ರಷ್ಟಾಚರಣೆಯೆಂದು ತೀರ್ಪಿತ್ತಿದೆ. ಇವೆರಡೂ ಟ್ರಸ್ಟಿಗಳು ತಿಳಿದಿರಬೇಕಾದವು. ಆದರೆ ಕಾಯಿದೆಯ ಕಣ್ಣಿಗೆ ಬೀಳದ ಒಂದು ಬಗೆಯ ಅನುಮೋದನೆಯೂ ಉಂಟು: ಸಮಾರಂಭದ ವೇದಿಕೆಯ ಮೇಲೆ ಹೊದಿಸುವ ಶಾಲು. ಅಧಿಕಾರದಲ್ಲಿರುವವರು ಯಾರೇ ಆಗಲಿ, ಯಾವ ದಾರಿಯಿಂದ ಬಂದವರೇ ಆಗಲಿ, ಅನುದಾನದ ಆಸೆಯಿಂದಲೋ ಸಂಕೋಚದಿಂದಲೋ ಹೊದಿಸಿದ ಶಾಲು ಇಡೀ ಸಮಾಜದ ಒಪ್ಪಿಗೆಯಂತೆ ಮರುದಿನದ ಪತ್ರಿಕೆಯಲ್ಲಿ ಕಾಣುತ್ತದೆ. ಮನೆಯೊಳಗೆ ಬೇರೆ ಬೇರೆ ಅಭಿಪ್ರಾಯವಿರುವ ನೂರು ಕುಟುಂಬಗಳ ಪರವಾಗಿ ಹಾಗೆ ಒಪ್ಪಿಗೆ ಕೊಡುವ ಅಧಿಕಾರವನ್ನು ಆ ಕುಟುಂಬಗಳು ಯಾವ ಟ್ರಸ್ಟಿಗೂ ಕೊಟ್ಟಿಲ್ಲ.

ಮಹಾವೀರ ಜಯಂತಿಯು ಚೈತ್ರಮಾಸದಲ್ಲಿ ಬರುತ್ತದೆ. ಲೋಕಸಭಾ ಚುನಾವಣೆಯೂ ಈಚಿನ ವರ್ಷಗಳಲ್ಲಿ ಅದೇ ಕಾಲಕ್ಕೆ ಬರುತ್ತಿದೆ. 2019ರಲ್ಲಿ ಜಯಂತಿ ಏಪ್ರಿಲ್ 17ರಂದು, ಚಿಕ್ಕಬಳ್ಳಾಪುರದಲ್ಲಿ ಮತದಾನ ಮರುದಿನ. 2024ರಲ್ಲಿ ಜಯಂತಿ ಏಪ್ರಿಲ್ 21ರಂದು, ಮತದಾನ 26ರಂದು. ಅಂತಹ ದಿನಗಳಲ್ಲಿ ಮೆರವಣಿಗೆಯ ಬಳಿಗೆ ಅಭ್ಯರ್ಥಿಗಳು ಬರುವುದು ಸಹಜ. 2029ರಲ್ಲಿಯೂ ತಿಥಿ ಮತ್ತು ದಿನಾಂಕಗಳು ಹತ್ತಿರವಾದರೆ, ಬಂದವರೆಲ್ಲರಿಗೂ ಭೇದವಿಲ್ಲದೆ ದರ್ಶನ, ಗಂಧೋದಕ, ಪ್ರಸಾದ ಇರಲಿ. ಶಾಲು ಮತ್ತು ಧ್ವನಿವರ್ಧಕಗಳು ಮತ ಎಣಿಕೆ ಮುಗಿಯುವವರೆಗೆ ಕೋಣೆಯಲ್ಲಿರಲಿ ಎಂದು ಟ್ರಸ್ಟಿನ ಸಭೆಯು ಮೊದಲೇ ನಡವಳಿಕೆಯ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬಹುದು.